ಹೊಸ್ತಿಲಿದ್ದ ದೋಣಿ

ಕಳೆದ ಭಾನುವಾರ ನಾನು ಒಬ್ಬ ಸರ್ಕಾರಿ ಸಾಹೇಬರ ಮೇಲೆ ಕೈ ಎತ್ತುವುದೊಂದು ಬಾಕಿಯಿತ್ತು. ಹೆಂಡತಿ ತೋಳು ಹಿಡಿದುಕೊಂಡಿದ್ದಳು, ಬಚಾವ್. (ಯಾರು ಬಚಾವ್ ಅಂತ ಕೇಳಬೇಡಿ, ನನಗೆ ಬಿ.ಪಿ. ಇದೆ.)

ವಿಷಯ ಇಷ್ಟು. ನನ್ನ ಭಾಮೈದ ಶಿವು ಬಡಗಿ. ಇಲ್ಲೇ ನಮ್ಮೂರ ಶ್ರೀನಗರ ಬಡಾವಣೆಯಲ್ಲಿ ಬಾಡಿಗೆಗಿದ್ದಾನೆ. ಆ ಮನೆ ಒಡೆಯುತ್ತೇವೆ, ಖಾಲಿ ಮಾಡಿ ಅಂತ ಓನರ್ ಆರು ತಿಂಗಳ ಹಿಂದೆಯೇ ಹೇಳಿದ್ದರು. ಈಗಿನ ಬಾಡಿಗೆ, ಈಗಿನ ಅಡ್ವಾನ್ಸು ಕೇಳಿದರೆ ಬಡಗಿಗಿರಲಿ, ನನಗೇ ತಲೆ ಸುತ್ತುತ್ತದೆ. ನಮ್ಮಲ್ಲೇ ಬಂದಿರು ಅಂದೆ. "ಎಷ್ಟ್ ದಿನ ಭಾವ? ನೀರಿಗೆ ಬಾಡಿಗೆ ಇಲ್ವಲ್ಲ, ಅಲ್ಲೇ ಮನೆ ಮಾಡ್ಕೋತೀನಿ" ಅಂದ.

ತಮಾಷೆ ಅಂದುಕೊಂಡೆ. ಜಯನಗರದಲ್ಲಿ ಒಡೆದ ಹಳೇ ಮನೆಗಳ ತೇಗದ ಬಾಗಿಲು, ಕಿಟಕಿ ತಂದ. ಜೆ.ಪಿ. ನಗರದ ನಮ್ಮ ಪಕ್ಕದ ಖಾಲಿ ಸೈಟಿನಲ್ಲಿ ಐದು ತಿಂಗಳು ಕೂತು ಬಡಿದ. ಕೆಳಗೆ ಪ್ಲಾಸ್ಟಿಕ್ ಡ್ರಮ್ಮುಗಳು, ಮೇಲೆ ಒಂದು ರೂಮು, ಅಡುಗೆಮನೆ, ಟ್ಯಾಂಕ್ ಇರುವ ಟಾಯ್ಲೆಟ್. ಸಖತ್ತಾಗಿತ್ತು.

ಒಂದು ಕೆರೆಯ ಆಫೀಸಿನಲ್ಲಿ (ಹೆಸರು ಬೇಡ ಬಿಡಿ) ಕೇಳಿದಾಗ, "ದೋಣಿ ತಾನೇ, ತಗೊಂಡ್ ಬನ್ನಿ, ನೋಡೋಣ" ಅಂದಿದ್ದರು. ಅದನ್ನೇ ಪರ್ಮಿಷನ್ ಅಂದುಕೊಂಡೆವು. ದಡ್ಡರು ನಾವು.

ಭಾನುವಾರ ಬೆಳಗ್ಗೆ ಲಾರಿಯಿಂದ ಇಳಿಸಿ ನೀರಿಗೆ ಬಿಟ್ಟೆವು. ತೇಲಿತು. ಶಿವು ಅತ್ತೇಬಿಟ್ಟ. ಅವನ ಹೆಂಡತಿ ಲತಾ ಮಾವಿನೆಲೆ ತೋರಣ ಕಟ್ಟಿ, ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು, ಒಲೆ ಹಚ್ಚಿದಳು. ಹಾಲು ಉಕ್ಕಿಸದೆ ಹೊಸ ಮನೆಗೆ ಯಾರಾದರೂ ಹೋಗುತ್ತಾರಾ?

ಅಷ್ಟರಲ್ಲಿ ಕೆರೆ ಆಫೀಸಿನ ಸಾಹೇಬರು ಬಂದರು.

"ಏನ್ರೀ ಇದು?"

"ದೋಣಿ ಸಾರ್" ಅಂದ ಶಿವು.

"ದೋಣಿಗೆ ಯಾರ್ರೀ ಹೊಸ್ತಿಲು ಪೂಜೆ ಮಾಡ್ತಾರೆ? ಹಾಲು ಬೇರೆ ಉಕ್ಕಿಸ್ತಿದ್ದೀರ. ಇದು ಮನೆ. ಕೆರೆ ಗಲೀಜಾಗತ್ತೆ, ಈಗ್ಲೇ ಎತ್ತಿ."

ಗಲೀಜು ಅಂದರಲ್ಲ, ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಬೆನ್ನ ಹಿಂದೆಯೇ, ಕೆರೆಯಂಗಳ ಮುಚ್ಚಿ ಎದ್ದ ಅಪಾರ್ಟ್‌ಮೆಂಟಿನ ಕೊಳಚೆ ನೊರೆನೊರೆಯಾಗಿ ನೀರಿಗೆ ಸುರಿಯುತ್ತಿತ್ತು. ಅದೇನು ಮತ್ತೆ ಅಂತ ಬೆರಳು ತೋರಿಸಿದೆ.

"ಅದಕ್ಕೆ ಪೇಪರ್ಸ್ ಇದೆ ಅಂಕಲ್."

ಕೆರೆಯಲ್ಲಿ ಯಾರೂ ವಾಸ ಮಾಡಬಾರದು ಅನ್ನುವುದು ಒಳ್ಳೆಯ ರೂಲೇ. ಒಪ್ಪುತ್ತೇನೆ. ಆದರೆ ಅದು ಡ್ರಮ್ಮಿನ ಮೇಲೆ ತೇಲುವವನಿಗೆ ಮಾತ್ರವೇ? ಕೆರೆಗೆ ಮಣ್ಣು ಸುರಿದು ಮಹಡಿ ಮೇಲೆ ಮಹಡಿ ಎಬ್ಬಿಸಿದವನಿಗೆ ಯಾಕಿಲ್ಲ?

ಶಿವು ಹಗ್ಗ ಹಿಡಿದು ದೋಣಿಯನ್ನು ದಡಕ್ಕೆ ಎಳೆಯತೊಡಗಿದ. ಬಡವನ ಸಿಟ್ಟು ದವಡೆಗೆ ಮೂಲ ಅಂತ ಅವನಿಗೆ ಗೊತ್ತು. ಹಾಲು ಉಕ್ಕುವ ಮುಂಚೆಯೇ ಲತಾ ಒಲೆ ಆರಿಸಿದಳು.

ದೋಣಿ ಮತ್ತೆ ನಮ್ಮ ಪಕ್ಕದ ಸೈಟಿಗೆ ಬಂದಿದೆ. ಅಲ್ಲೂ ಪಾಯ ತೋಡುತ್ತಾರಂತೆ, ಜಾಗ ಬಿಡಬೇಕು. ಶ್ರೀನಗರದ ಮನೆ ಖಾಲಿ ಮಾಡಲು ಇನ್ನು ಒಂಬತ್ತೇ ದಿನ.

ಎಲ್ಲಿರಬಾರದು ಅಂತ ಹೇಳಲು ಭಾನುವಾರವೂ ಓಡಿಬಂದಿರಲ್ಲ ಸಾಹೇಬರೇ, ಊರಿಗೆಲ್ಲ ಬಾಗಿಲು ಮಾಡಿಕೊಟ್ಟವನು ಎಲ್ಲಿರಬೇಕು ಅಂತ ಯಾವ ವಾರ ಬಂದು ಹೇಳುತ್ತೀರಿ?