ಡಾಕ್ಟರ್ ಆಂಟಿಯ ಹೊಸ ಪಿಕಾಸಿಗಳು

ಫ್ರಿಜ್ಜಿನಿಂದ ಮೊಸರಿನ ಡಬ್ಬಿ ತೆಗೆದರೆ ಸಾಕು, ಡಾಕ್ಟರ್ ಆಂಟಿಯ ಬೆರಳುಗಳು ಬೆಳ್ಳಗಾಗುತ್ತಿದ್ದವು. ತುದಿಯಿಂದ ನಡುವಿನ ಗೆಣ್ಣಿನವರೆಗೆ ಮೇಣದ ಬತ್ತಿಯಂಥ ಬಿಳುಪು, ಅಲ್ಲಿಗೆ ಗೆರೆ ಎಳೆದ ಹಾಗೆ ನಿಲ್ಲುತ್ತಿತ್ತು. ಆಮೇಲೆ ನೀಲಿ, ಆಮೇಲೆ ಕೆಂಪು. ಮರಳಿ ಜೀವ ಬರುವವರೆಗೆ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು, ಏನೂ ಆಗದವರಂತೆ ಮಾತು ಮುಂದುವರಿಸುತ್ತಿದ್ದರು. ಒಮ್ಮೆ ನಾನು ಕೇಳಿದಾಗ, ಥಂಡಿಗೆ ಬಹಳ ಮಂದಿಗೆ ಹಾಗಾಗುತ್ತದೆ ಎಂದು ಹೇಳಿ ಕುಕ್ಕರಿನ ಕಡೆ ತಿರುಗಿದರು.

ಅಂಥ ಕೈಗಳಿದ್ದವರು ಚಳಿಗಾಲವಿಡೀ ಹೆಪ್ಪುಗಟ್ಟಿದ ಜಲಪಾತಗಳನ್ನು ಹತ್ತುತ್ತಿದ್ದರು.

ಹೋಬೋಕನ್ನಿನಲ್ಲಿ ನಮ್ಮ ಮನೆಯ ಮೇಲಿನ ಮಹಡಿ ಅವರದು. ಊರು ಧಾರವಾಡ. ಮದುವೆಯಾಗಿರಲಿಲ್ಲ, ಅದರ ಬಗ್ಗೆ ಯಾರಾದರೂ ಮರುಕ ತೋರಿಸಿದರೆ ನಗುತ್ತಿದ್ದರು. ದಿನವೂ ಹಡ್ಸನ್ ನದಿ ದಾಟಿ ಮ್ಯಾನ್‌ಹಟನ್ನಿನ ಆಸ್ಪತ್ರೆಯೊಂದಕ್ಕೆ ಹೋಗಿ, ಕತ್ತಲೆ ಕೋಣೆಯಲ್ಲಿ ಕೂತು ಬೇರೆಯವರ ಎಕ್ಸ್-ರೇ, ಸ್ಕ್ಯಾನ್‌ಗಳನ್ನು ಓದುವುದು ಅವರ ಕೆಲಸ. ವಾರವೆಲ್ಲ ಮಂದಿಯ ಒಳಗೆ ಇಣುಕಿದವಳಿಗೆ ವಾರದ ಕೊನೆಗೆ ಹೊರಗಿನ ಗಾಳಿ ಬೇಕಾಗುತ್ತದೆ ಎನ್ನುತ್ತಿದ್ದರು. ನನ್ನನ್ನೂ ನನ್ನ ಗಂಡನನ್ನೂ ಕ್ಯಾಟ್ಸ್‌ಕಿಲ್ ಬೆಟ್ಟಗಳಿಗೆ ಕರೆದುಕೊಂಡು ಹೋಗಿ ಐಸ್ ಹತ್ತುವುದನ್ನು ಕಲಿಸಿದವರು ಅವರೇ.

ಮೊದಲ ದಿನ ಬೆಳಿಗ್ಗೆ ನಮ್ಮ ಕೈಗೆ ಅವರು ಏನೂ ಕೊಡಲಿಲ್ಲ. ಬೂಟಿನ ಅಡಿಗೆ ಉಕ್ಕಿನ ಮುಳ್ಳುಗಳ ಕ್ರ್ಯಾಂಪನ್ ಕಟ್ಟಿಸಿ, ಇಳಿಜಾರಿನ ಐಸಿನ ಮೇಲೆ ಅಡ್ಡಡ್ಡ ನಡೆಸಿದರು. ಕೊಕ್ಕಿನಂಥ ಮೂತಿಯ ಪುಟ್ಟ ಪಿಕಾಸಿಗಳು, ಅಂದರೆ ಎಲ್ಲರೂ ಟೂಲ್ಸ್ ಎಂದು ಕರೆಯುವವು, ಅವರ ಚೀಲದಲ್ಲೇ ಇದ್ದವು. ಮಧ್ಯಾಹ್ನವಾದ ಮೇಲೆ ತಮ್ಮ ಹಳೆಯ ಜೋಡಿಯನ್ನು ಕೊಟ್ಟರು. ಹಿಡಿಯ ರಬ್ಬರು ಸವೆದು ಟೇಪು ಸುತ್ತಿದ್ದವು, ಭಾರವೂ ಇದ್ದವು. ಮೂತಿ ಮಾತ್ರ ಅರದಿಂದ ಉಜ್ಜಿ ಉಜ್ಜಿ ಮಿಂಚುತ್ತಿತ್ತು.

ನನ್ನ ಗಂಡನಿಗೆ ಹೊಸ ಸಾಮಾನಿನ ಹುಚ್ಚು. ಮರಳಿ ಬರುವಾಗ ಕಾರಿನಲ್ಲೇ ಫೋನ್ ತೆಗೆದು, "ಆಂಟಿ, ಈಗ ಬರೋ ಟೂಲ್ಸ್ ತುಂಬಾ ಲೈಟ್ ಅಂತೆ. ಒಂದು ಪೇರ್ ಆರ್ಡರ್ ಮಾಡ್ಬಿಡ್ಲಾ?" ಎಂದು ಕೇಳಿದ.

ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಹೊಸಾವು ತಗೊಂಡ್ರ ನೀ ಇನ್ನೂ ಸ್ವಲ್ಪ ಮ್ಯಾಲೆ ಹೋಗ್ತಿ, ತಮ್ಮಾ. ಅಲ್ಲಿ ನಿಂತಾಗ ಕಾಲು ನಡಗಲಿಕ್ಕೆ ಹತ್ತಿದ್ರ, ಟೂಲ್ ಏನು ಮಾಡ್ತದ?"

ಹಾಗೆಂದು ಅವರದು ಮೊಂಡುತನವಲ್ಲ. ಅದೇ ಚಳಿಗಾಲದಲ್ಲಿ ಒಮ್ಮೆ ನಾನು ಕಡಿದಾದ ಐಸಿನ ನಡುವೆ ಇದ್ದೆ. ಮೇಲೆ ಮರಕ್ಕೆ ಕಟ್ಟಿದ ಕೊಕ್ಕೆಯಲ್ಲಿ ಹಾದು ಬಂದ ಹಗ್ಗ ನನ್ನ ಸೊಂಟಕ್ಕೆ, ಅದರ ಇನ್ನೊಂದು ತುದಿ ಕೆಳಗೆ ನಿಂತ ಅವರ ಕೈಯಲ್ಲಿ. ಎಡಗಾಲಿನಿಂದ ಐಸಿಗೆ ಒದ್ದಾಗ ಕ್ರ್ಯಾಂಪನ್ ಕಳಚಿಕೊಂಡಿತು. ಬರೀ ಬೂಟು ಗಾಜಿನಂಥ ಐಸನ್ನು ಕೆರೆಯಿತು. ಕ್ರ್ಯಾಂಪನ್ ಪಟ್ಟಿಯಿಂದ ನೇತಾಡುತ್ತ ಬಲಗಾಲಿಗೆ ಬಡಿಯತೊಡಗಿತು. ನಾನು ಕೆಳಗೆ ನೋಡಿದೆ.

"ಕೆಳಗ ನೋಡಬ್ಯಾಡ ತಂಗಿ," ಎಂದರು, ಅಡುಗೆಮನೆಯಲ್ಲಿ ಉಪ್ಪು ಕೇಳುವ ದನಿಯಲ್ಲಿ. "ಬಲಗಾಲ ಮ್ಯಾಲೆ ನಿಂದ್ರು. ಹಗ್ಗ ನನ್ನ ಕೈಯಾಗದ."

ಇಳಿಸಿಕೊಂಡ ಮೇಲೆ ಗ್ಲೌಸ್ ತೆಗೆದು ನನ್ನ ಬೂಟನ್ನು ತಿರುಗಿಸಿ ನೋಡಿದರು. ಬಾಡಿಗೆಗೆ ತಂದ ಕ್ರ್ಯಾಂಪನ್‌ಗೂ ನನ್ನ ಮೆತ್ತನೆಯ ಬೂಟಿಗೂ ಹೊಂದಾಣಿಕೆಯೇ ಇರಲಿಲ್ಲ. ಕ್ರ್ಯಾಂಪನ್ನಿನ ಮುಂದಿನ ತಂತಿ ಹಿಡಿಯಬೇಕಾದ ಅಂಚೇ ಆ ಬೂಟಿಗಿಲ್ಲ. ಬೆಳಿಗ್ಗೆಯೇ ತಾವು ನೋಡಬೇಕಿತ್ತು ಎಂದು ಮತ್ತೆ ಮತ್ತೆ ಹೇಳಿಕೊಂಡರು. ಅವರ ಬೆರಳುಗಳು ಆಗ ಬುಡದವರೆಗೂ ಬೆಳ್ಳಗಿದ್ದವು. ಅವರಿಗೆ ಬಕಲ್ ಬಿಚ್ಚಲಾಗದೆ ಕೊನೆಗೆ ನನ್ನ ಗಂಡ ಬಿಚ್ಚಿದ.

ಆ ವಾರವೇ ನಮ್ಮನ್ನು ಅಂಗಡಿಗೆ ಕರೆದೊಯ್ದು ನನಗೆ ಗಟ್ಟಿ ತಳದ ಬೂಟು, ಅದಕ್ಕೆ ಕೂಡುವ ಕ್ರ್ಯಾಂಪನ್ ಕೊಡಿಸಿದರು. ಜೋಡಿಸಿ, ಎಳೆದು, ನೆಲಕ್ಕೆ ಬಡಿದು ನೋಡಿದ ಮೇಲೆಯೇ ಬಿಲ್ ಕಟ್ಟಿದ್ದು. ನನ್ನ ಗಂಡ ಗೋಡೆಯ ಮೇಲಿದ್ದ ಬಾಗಿದ ಹಿಡಿಯ ಟೂಲ್ಸ್ ಕೆಳಗಿಳಿಸಿದಾಗ ಅವನ ಕೈಯಿಂದ ತೆಗೆದು ಮತ್ತೆ ಗೋಡೆಗೇ ಸಿಕ್ಕಿಸಿದರು. ಕಾಲಿಗೆ ಕೂಡದ್ದನ್ನು ಇವತ್ತೇ ಬದಲಿಸಬೇಕು, ಆಸೆಗೆ ಬೇಕಾದದ್ದು ಇನ್ನೆರಡು ಚಳಿಗಾಲ ಕಾಯಲಿ ಎಂಬುದು ಅವರ ಲೆಕ್ಕ.

ಮುಂದಿನ ವರ್ಷ ಐಸ್ ತಡವಾಗಿ ಕಟ್ಟಿತು. ಜನವರಿಯ ಒಂದು ಬೆಳಿಗ್ಗೆ ಅವರು ಕಾರಿನ ಟ್ರಂಕ್ ತೆರೆದರೆ ಹೊಚ್ಚ ಹೊಸ ಜೋಡಿ. ಅಂಗಡಿಯಲ್ಲಿ ಗೋಡೆಗೆ ಸಿಕ್ಕಿಸಿದ್ದಂಥವೇ: ಹಗುರ, ದಪ್ಪ ಹಿಡಿ, ಬೆರಳು ಜಾರದಂತೆ ಕೆಳಗೊಂದು ಕೊಕ್ಕೆ. ನನ್ನ ಗಂಡ ಬಿಡುತ್ತಾನೆಯೇ? ದಾರಿಯುದ್ದಕ್ಕೂ ಛೇಡಿಸಿದ. ನಾನೂ ಸೇರಿಕೊಂಡೆ. ವಯಸ್ಸಾಯಿತಲ್ಲ ಎಂದು ಅವರೂ ನಕ್ಕರು. ಏರುದಾರಿಯಲ್ಲಿ ಎರಡು ಕಡೆ ನಿಂತು, ಮರಗಳನ್ನು ನೋಡುವ ನೆವದಲ್ಲಿ ಉಸಿರು ಸುಧಾರಿಸಿಕೊಂಡರು. ಒಣ ಕೆಮ್ಮು ಬರುತ್ತಿತ್ತು. ಆಗ ನಮಗೆ ಅದು ಬರೀ ಕೆಮ್ಮು.

ಅವರು ಅರ್ಧ ಹತ್ತಿದ್ದರು. ಹಗ್ಗ ನನ್ನ ಕೈಯಲ್ಲಿತ್ತು. ಅವರ ಬಲಗೈಯ ಪಿಕಾಸಿ ಜಾರಿತು. ತಿರುಗುತ್ತ, ಐಸಿಗೆ ತಾಗಿ ಟಣ್ ಎಂದು ಚಿಮ್ಮಿ, ನನ್ನ ಗಂಡನ ಪಕ್ಕದ ಹಿಮದಲ್ಲಿ ಹಿಡಿಯವರೆಗೂ ಹೂತುಕೊಂಡಿತು. ಅವರ ಕೈಯಿಂದ ಏನಾದರೂ ಬಿದ್ದದ್ದನ್ನು ನಾವು ಕಂಡದ್ದು ಅದೇ ಮೊದಲು. ಬೆಳಗಿನಿಂದ ನಗಾಡುತ್ತಿದ್ದ ಇವನು ಅದನ್ನು ಕೀಳಲೂ ಹೋಗದೆ ಸುಮ್ಮನೆ ನೋಡುತ್ತ ನಿಂತ. ಮೇಲಿನಿಂದ ಅವರು, ಇಳಿಸು ಎಂದು ಮಾತ್ರ ಹೇಳಿದರು.

ಅಂದು ಕಾರು ನಾನು ಓಡಿಸಿದೆ. ಹೈವೇಗೆ ಬಂದ ಮೇಲೆ ಅವರು ಮಾತಾಡಿದರು. "ಹಳೇವನ್ನ ಹಿಡಕೊಳ್ಳಿಕ್ಕೆ ಆಗವಲ್ದು. ಹೊಸಾವು ತಗೊಂಡ್ರ ಇನ್ನೊಂದು ಚಳಿಗಾಲ ಸಿಗಬಹುದು ಅಂತ ಮಾಡಿದ್ದೆ."

ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳಿದೆ.

"ನನ್ನ ಸ್ಕ್ಯಾನ್ ನಾನ ನೋಡೀನಿ, ತಂಗಿ. ಬ್ಯಾರೆಯವರದು ಆಗಿದ್ರ ಏನು ಬರೀತಿದ್ದೆ, ಗೊತ್ತದ."

ಚರ್ಮ ಬಿಗಿಯುತ್ತ ಬಂದು, ಕೊನೆಗೆ ಶ್ವಾಸಕೋಶವನ್ನೂ ಗಟ್ಟಿ ಮಾಡುವ ಕಾಯಿಲೆ. ಬೆರಳು ಬೆಳ್ಳಗಾಗುವುದು ಅದರ ಮೊದಲ ಸೂಚನೆಯಾಗಿತ್ತು. ಔಷಧಿ ನಡೆಯುತ್ತಲೇ ಇತ್ತಂತೆ. ಮೊಸರಿನ ಡಬ್ಬಿ ತೆಗೆದು ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ ದಿನಗಳಲ್ಲೇ ಅವರಿಗೆ ಗೊತ್ತಿತ್ತು. ಹಿಂದಿನ ಸೀಟಿನಲ್ಲಿ ನನ್ನ ಗಂಡ ಕಿಟಕಿಯ ಕಡೆ ಮುಖ ಮಾಡಿಕೊಂಡ.

ಮತ್ತೆ ಅವರು ಹತ್ತಲಿಲ್ಲ. ಬೇಸಿಗೆ ಕಳೆಯುವಷ್ಟರಲ್ಲಿ ಮೂಗಿಗೆ ಆಕ್ಸಿಜನ್ ಕೊಳವೆ ಬಂತು. ಫ್ಲಶಿಂಗಿನ ದೇವಸ್ಥಾನದ ಕ್ಯಾಂಟೀನಿನಿಂದ ದೋಸೆ ತಂದರೆ ತುಣುಕು ಬಾಯಿಗಿಟ್ಟು, ಉಳಿದದ್ದನ್ನು ನಮಗೇ ತಿನ್ನಿಸುತ್ತಿದ್ದರು. ಮುಂದಿನ ಚಳಿಗಾಲದಲ್ಲಿ ಆಸ್ಪತ್ರೆ ಸೇರಿದರು. ಈ ವರ್ಷ ಐಸ್ ಹೇಗಿದೆ ಎಂದು ನನ್ನ ಗಂಡನನ್ನು ಕೇಳಿದರು. ತುಂಬಾ ತೆಳು ಎಂದ ಅವನು. "ಹಂಗಾರ ಹೋಗಬ್ಯಾಡ್ರಿ," ಎಂದರು. ನಮಗೆ ಅವರು ಹೇಳಿದ ಕೊನೆಯ ಪೂರ್ತಿ ಮಾತು ಅದು. ಫೆಬ್ರವರಿಯಲ್ಲಿ, ಹಡ್ಸನ್ ನದಿಯ ಮೇಲೆ ಐಸಿನ ಚೂರುಗಳು ತೇಲುತ್ತಿದ್ದ ಒಂದು ಬೆಳಿಗ್ಗೆ, ತೀರಿಕೊಂಡರು.

ಹತ್ತುವ ಮೊದಲು ಹೆಲ್ಮೆಟ್ ತೆಗೆದು ಐಸಿಗೆ ಕಿವಿ ಹಚ್ಚುವುದು ಅವರ ಅಭ್ಯಾಸವಾಗಿತ್ತು. ಒಳಗೆ ನೀರು ಹರಿಯುವ ಸದ್ದು ಅವರಿಗೆ ಹಿಡಿಸದಿದ್ದರೆ ಕಾರಣ ಹೇಳದೆ ಚೀಲ ಕಟ್ಟುತ್ತಿದ್ದರು. ಎಂಥ ಸದ್ದು ಕೆಟ್ಟದ್ದು ಎಂದು ನಾನು ಕೇಳಲೇ ಇಲ್ಲ. ಈ ಜನವರಿಯಲ್ಲಿ ಆಫೀಸಿನ ಹುಡುಗಿಯೊಬ್ಬಳನ್ನು ಮೊದಲ ಬಾರಿ ಕರೆದುಕೊಂಡು ಹೋಗಿದ್ದೆ. ಎರಡು ದಿನದಿಂದ ಬಿಸಿಲಿತ್ತು. ಕಿವಿ ಹಚ್ಚಿದೆ. ಬಹಳ ಹತ್ತಿರದಲ್ಲಿ, ಯಾರೋ ಬಾಯಿ ಮುಕ್ಕಳಿಸುವಂತೆ ನೀರು ಸದ್ದು ಮಾಡುತ್ತಿತ್ತು. ವಾಪಸ್ ಹೋಗೋಣ ಎಂದೆ. ಮೇಲೆ ಇಬ್ಬರು ಹತ್ತುತ್ತಿದ್ದರು. ಅವರತ್ತ ಕೈ ತೋರಿಸಿ ಅವಳು ಯಾಕೆ ಎಂದು ಕೇಳಿದಳು. ನಾನು ಚೀಲ ಕಟ್ಟಿದೆ. ಮೇಲಿದ್ದವರಿಗೆ ಕೂಗಿ ಎಚ್ಚರಿಸಿದೆ, ಮೇಲಿನವನು ಪಿಕಾಸಿ ಬೀಸಿ ನಕ್ಕ.

ನಾವು ಇಳಿದೆವು. ಹಿಂದಿನಿಂದ ಐಸ್ ಒಡೆದು ಬೀಳುವ ಸದ್ದು ಬರಲಿಲ್ಲ. ಬರಬಹುದೆಂದು ಕೇಳಿಸಿಕೊಳ್ಳುತ್ತಲೇ ಕಾರಿನವರೆಗೂ ನಡೆದೆ.