ದೊಡ್ಡಪ್ಪನ ದನಿಯಲ್ಲಿ ಇಳಿಸಿದ ಅಟ್ಟ

ಅಟ್ಟ ಇಳಿಸು ಎಂದು ಬಡಗಿಗೆ ಫೋನು ಮಾಡಿದ್ದು ದೊಡ್ಡಪ್ಪ ಅಲ್ಲ, ನಾನು. ಅವನ ಫೋನಿನಿಂದ, ಅವನದೇ ದನಿಯಲ್ಲಿ. ಇಷ್ಟು ಹೇಳಲು ಇಷ್ಟು ವರ್ಷ ಬೇಕಾಯಿತು — ನಮ್ಮೂರು ಹಂದನಕೆರೆಯನ್ನು ಇಡಿಯಾಗಿ ಅಣಕಿಸುವ ಬಾಯಿ ನನ್ನದು, ಆದರೂ.

ಮಿಮಿಕ್ರಿಯೊಂದೇ ನನ್ನ ವಿದ್ಯೆ. ಬಸ್ ಕಂಡಕ್ಟರು, ತಿಪಟೂರಿನ ಕೊಬ್ಬರಿ ದಲ್ಲಾಳಿ, ಎಮ್ಮೆ ಕರೆಯುವ ನಮ್ಮಮ್ಮ, ಹುಡುಗಿಯರ ಮುಂದೆ ಇಂಗ್ಲಿಷ್ ಶುರು ಮಾಡಿ ಕನ್ನಡದಲ್ಲಿ ಕ್ಷಮೆ ಕೇಳುವ ನಾನು — ಯಾರನ್ನೂ ಬಿಟ್ಟಿಲ್ಲ. ದೊಡ್ಡಪ್ಪ ಬಲು ಸುಲಭ. ಒಮ್ಮೆ ಕ್ಯಾಕರಿಸಿ, ಮಾತಿನ ಕೊನೆಗೊಂದು 'ಆಯ್ತಾ?' ಅಂಟಿಸಿದರೆ ಮುಗೀತು. ಅದಕ್ಕೆ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವನು ಅವನೇ. ನೆಂಟರು ಬಂದರೆ, "ಎಲ್ಲಿ, ಒಂಚೂರು ನನ್ನಂಗೆ ಮಾಡು ನೋಡಾನ" ಎನ್ನುತ್ತಿದ್ದ.

ಆಗ ನನಗೆ ಊಟದ ಕೋಣೆಯ ಹುಚ್ಚು ಹಿಡಿದಿತ್ತು. ಫೋನಿನಲ್ಲಿ ನೋಡಿದ್ದೆ — ಮಿಡ್‌ಸೆಂಚುರಿ ಮಾಡರ್ನ್ ಅಂತೆ, ಎಪ್ಪತ್ತು ವರ್ಷದ ಹಿಂದಿನ ವಿದೇಶಿ ಮನೆಗಳ ಶೈಲಿ. ಕೆಳಕೆಳಗೆ ಸಣ್ಣಗಾಗುವ ಕಾಲಿನ ಟೇಬಲ್ಲು, ಗೋಡೆಯುದ್ದಕ್ಕೂ ತಗ್ಗು ಕಪಾಟು, ಮೇಲಿನಿಂದ ಜೋಲುವ ದುಂಡು ದೀಪ. ಆ ವಿದೇಶಿ ಮನೆಗಳಷ್ಟೇ ವಯಸ್ಸಾದ ನಮ್ಮ ಮನೆಯನ್ನು ಒಡೆದು, ಅವುಗಳಷ್ಟೇ ಹಳೆಯದಾಗಿ ಕಾಣುವಂತೆ ಮಾಡುವುದು ನನ್ನ ಯೋಜನೆ. ದೊಡ್ಡಪ್ಪ ತಕರಾರು ಮಾಡಲಿಲ್ಲ. "ಅಷ್ಟು ಸಣ್ಣ ಕಾಲು? ಮುದ್ದೆ ಇಟ್ರೆ ತಡೀತದೇನ್ಲಾ? ಮಾಡ್ಸು."

ಒಂದಕ್ಕೇ ಬೇಡವೆಂದ. ಆ ಕೋಣೆಯ ನೆತ್ತಿಯ ಮೇಲೆ ಅಟ್ಟವಿತ್ತು, ಅದರ ತುಂಬ ಸಿಪ್ಪೆ ಸಮೇತ ತೆಂಗಿನಕಾಯಿ. ವರ್ಷದ ಹತ್ತಿರ ಕದಲಿಸದೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ದೊಡ್ಡಪ್ಪ ಆಗಾಗ ಏಣಿ ಹತ್ತಿ, ಒಂದು ಕಾಯಿ ಕಿವಿಯ ಹತ್ತಿರ ಅಲ್ಲಾಡಿಸಿ ಇಳಿಯುತ್ತಿದ್ದ. "ಇನ್ನೂ ನೀರು ಕುಡೀತಾವೆ. ಶಿವರಾತ್ರಿ ಕಳೀಲಿ, ಆಮೇಲೆ ಅಟ್ಟ ಕಿತ್ಕೊ. ಆಯ್ತಾ?"

ನನಗೆ ದೀಪಾವಳಿಗೆ ಬರುವ ಗೆಳೆಯರಿಗೆ ಆ ದುಂಡು ದೀಪ ತೋರಿಸಬೇಕಿತ್ತು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣವಿದ್ದಿದ್ದರೆ —

ಅವನೂ ದೊಡ್ಡಮ್ಮನೂ ಮಾಯಸಂದ್ರದ ಮದುವೆಗೆ ಹೊರಟಿದ್ದ ಬೆಳಿಗ್ಗೆ. ಗಡಿಬಿಡಿ. ಅವನು ಸ್ನಾನಕ್ಕೆ ಹೋದಾಗ ಫೋನು ಎತ್ತಿಕೊಂಡು ಕ್ಯಾಕರಿಸಿದೆ. "ರುದ್ರಾಚಾರಿ, ಇವತ್ತೇ ಅಟ್ಟ ಇಳಿಸ್ಬುಡಪ್ಪ. ಕಾಯೆಲ್ಲ ಹಿತ್ತಲಿಗೆ ಹಾಕ್ಸು. ಆಯ್ತಾ?" ಇಟ್ಟ ಮೇಲೆ ನಗು ಬಂತು. ಅದನ್ನೂ ಒಪ್ಪಿಕೊಳ್ಳಬೇಕು.

ಮರುದಿನ ಅವರು ಮದುವೆ ಮುಗಿಸಿ ಬರುವಷ್ಟರಲ್ಲಿ ಅಟ್ಟವಿರಲಿಲ್ಲ. ಹಿತ್ತಲಿಗೆ ಎಸೆದು ಬಿರುಕುಬಿಟ್ಟ ಕಾಯಿಗಳ ಮೇಲೆ ರಾತ್ರಿಯೆಲ್ಲ ಮಳೆ ಸುರಿದಿತ್ತು. ಬಡಗಿ ರುದ್ರಾಚಾರಿ ಕೈಕಟ್ಟಿ ನಿಂತ. "ನೀವೇ ಹೇಳಿದ್ರಲ್ಲ ಯಜಮಾನ್ರೇ." ಫೋನು ತೆಗೆದು ನೋಡಿದರೆ ಕರೆಯೂ ಇತ್ತು. ದೊಡ್ಡಪ್ಪ ನನ್ನನ್ನು ಪಕ್ಕಕ್ಕೆ ಕರೆದ. "ಲೇ, ನಿಜ ಹೇಳು. ನಿನ್ನ ಆಟವೇನ್ಲಾ ಇದು?"

ಹೌದು ಅಂದಿದ್ದರೆ ಒಂದು ಏಟು ಬೀಳುತ್ತಿತ್ತು. ಊಟದ ಹೊತ್ತಿಗೆ ಅವನೇ ಆ ಕತೆ ಹೇಳಿ ನಗುತ್ತಿದ್ದ. ನಾನಂದೆ: "ನನ್ನ ಮುಂದೇನೇ ಮಾತಾಡಿದೆಯಲ್ಲ ದೊಡ್ಡಪ್ಪ. ಮರ್ತೋಯ್ತಾ?"

ಅವನು ನನ್ನ ಮುಖವನ್ನೇ ನೋಡಿದ. ಸದ್ದು ಕೇಳಿ ಕಾಯಿಯ ಒಳಗನ್ನು ಹೇಳುವ ಮನುಷ್ಯ — ನನ್ನನ್ನು ನಂಬಿದ, ತನ್ನನ್ನು ನಂಬುವುದು ಬಿಟ್ಟ.

"ಇರಬೌದು ಕಣಪ್ಪ. ವಯಸ್ಸಾಯ್ತು."

ಕಾಯಿ ಕೊಳೆತವು, ಮರುವರ್ಷ ಮರಗಳು ಮತ್ತೆ ಕಾಯಿ ಬಿಟ್ಟವು. ದೊಡ್ಡಪ್ಪ ಮಾತ್ರ ಅಲ್ಲಿಂದ ಇಳಿಯುತ್ತಲೇ ಹೋದ. ತೋಟದ ಬೀಗದಕೈ ತಾನಾಗಿ ಅಪ್ಪನಿಗೆ ಕೊಟ್ಟ. ಕೊಬ್ಬರಿ ಮಾರಲು ತಿಪಟೂರಿಗೆ ಹೋಗುವುದು ಬಿಟ್ಟ — "ಏನಾದ್ರೂ ಒಪ್ಕೊಂಡು ಬಂದುಬುಟ್ಟೇನು." ಕ್ಯಾಕರಿಸುವುದಿದೆ, 'ಆಯ್ತಾ?' ಇಲ್ಲ. ಈಗ ಪ್ರತಿ ಮಾತಿಗೂ, "ನಾನು ಹಂಗಂದ್ನಾ?" ಅವನ ದನಿ ಮಾಡು ಎಂದು ನೆಂಟರು ಕೇಳಿದರೆ ಗಂಟಲು ಕೆಟ್ಟಿದೆ ಎನ್ನುತ್ತೇನೆ. ಅಟ್ಟದ ಹಲಸಿನ ಹಲಗೆಯಿಂದಲೇ ಮಾಡಿಸಿದ ಟೇಬಲ್ಲಿನ ಎದುರುಬದುರು ಕೂತು, ಆ ದುಂಡು ದೀಪದ ಕೆಳಗೆ, ದಿನಾ ಉಣ್ಣುತ್ತೇವೆ. ಕೋಣೆ ಚಿತ್ರದಲ್ಲಿದ್ದ ಹಾಗೆಯೇ ಇದೆ.

ನಿನ್ನೆ ಅದೇ ಟೇಬಲ್ಲಿನಲ್ಲಿ ಹೇಳಿಬಿಟ್ಟೆ. ಯಾರ ದನಿಯೂ ಇಲ್ಲದೆ, ತೊದಲಿ ತೊದಲಿ. ಫೋನು, ಸ್ನಾನದ ಹೊತ್ತು, ಆಮೇಲಿನ ಸುಳ್ಳು — ಎಲ್ಲ. ಕೈಯಲ್ಲಿ ತುತ್ತು ಹಿಡಿದೇ ಕೇಳಿದ ದೊಡ್ಡಪ್ಪ, ಸಿಟ್ಟಾಗಲಿಲ್ಲ. ಹಣೆ ಗಂಟು ಹಾಕಿ ನೆನಪಿನಲ್ಲಿ ಏನನ್ನೋ ಹುಡುಕಿದ.

"ಇದನ್ನ ಮುಂಚೇನೂ ಹೇಳಿದ್ದೇನ್ಲಾ ನೀನು? ನಂಗೆ ಗ್ಯಾನ ಇಲ್ಲ."

"ಇಲ್ಲ ದೊಡ್ಡಪ್ಪ. ಇದೇ ಮೊದಲು."

"ಇರಬೌದು," ಎಂದು ಉಣ್ಣತೊಡಗಿದ.

ಇವತ್ತೂ ಹೇಳುತ್ತೇನೆ. ನಾಳೆಯೂ. ಅವನ ಕೈ ಎದ್ದು, ಅಂದು ತಪ್ಪಿದ ಏಟು ನನ್ನ ಕೆನ್ನೆಗೆ ಬೀಳುವವರೆಗೆ.