ಅಡ್ಡ ಪರದೆ, ಉದ್ದ ಪರದೆ

ಮೊನ್ನೆ ತಾಂಡೂರಿನ ನಮ್ಮ ಮನೆಯ ಕಿಟಕಿಗೆ ಸೊಸೆ ಹೂವಿನ ಚಿತ್ತಾರದ ಪರದೆ ಕಟ್ಟುತ್ತಿದ್ದಳು. ಬಟ್ಟೆಗಳಲ್ಲೆಲ್ಲ ನನಗೆ ಪರದೆಯ ಮೇಲೆಯೇ ಗುಮಾನಿ, ಸ್ನೇಹಿತರೇ. ಸೀರೆ ಮಾನ ಕಾಯುತ್ತದೆ, ಕೌದಿ ಚಳಿ ಕಾಯುತ್ತದೆ. ಪರದೆ ಯಾರನ್ನು ಯಾರಿಂದ ಕಾಯುತ್ತದೆಂದು ಕೇಳಿದರೆ ಅದು ಗಾಳಿಗೆ ಸುಮ್ಮನೆ ಅಲುಗಾಡುತ್ತದೆ.

ನಿಜಾಮರ ಕಾಲದಲ್ಲಿ ನಾನು ಪಟ್ಟಣದ ಕಾಲೇಜು ಸೇರಿದಾಗ ಹುಡುಗಿಯರು ನಾವು ಐದಾರು ಮಂದಿ. ಹುಡುಗರ ಬೆಂಚುಗಳೆಲ್ಲ ಮುಗಿದ ಮೇಲೆ, ಕೋಣೆಯ ಹಿಂಭಾಗದಲ್ಲಿ, ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಒಂದು ದಪ್ಪ ಪರದೆ. ಅದರ ಹಿಂದೆ, ಕಿಟಕಿಯಿಲ್ಲದ ಜಾಗದಲ್ಲಿ ನಾವು. ಮೇಷ್ಟ್ರ ದನಿ ಬರುತ್ತಿತ್ತು, ಕರಿಹಲಗೆ ಕಾಣುತ್ತಿರಲಿಲ್ಲ. ಪರೀಕ್ಷೆ ಮಾತ್ರ ಎಲ್ಲರಿಗೂ ಒಂದೇ. ರೇಖಾಗಣಿತವನ್ನು ಬರೀ ಕಿವಿಯಿಂದ ಕಲಿಯುವ ಸಾಹಸವನ್ನು ಬೇರೆ ಯಾರೂ ಮಾಡಿರಲಾರರು.

ಜಹೀರಾಬಾದಿನ ಜುಬೇದಾ ನನ್ನ ಪಕ್ಕದಲ್ಲಿ ಕೂಡುತ್ತಿದ್ದಳು. ಬೇಸಿಗೆಯ ಒಂದು ಮಧ್ಯಾಹ್ನ ಆ ಧಗೆಗೆ ಬವಳಿ ಬಂದು ಬಿದ್ದಳು. ನೀರು ಚಿಮುಕಿಸಿ ಎಬ್ಬಿಸಿದ ಮೇಲೆ, ಈ ಪರದೆಯನ್ನು ಹರಿದೇ ಹಾಕುತ್ತೇನೆಂದು ನಾನು ಎದ್ದೆ. ಆಕೆ ನನ್ನ ಸೆರಗು ಹಿಡಿದಳು.

"ಪರದಾ ತೆಗದ್ರ ನಮ್ಮ ಅಬ್ಬಾ ನನ್ನ ನಾಳೆನೇ ಊರಿಗಿ ಕರಕೊಂಡು ಹೋಗ್ತಾರ. ಹಿಂಗೇ ಇದ್ರ ನಪಾಸ್ ಆಗ್ತೀನಿ. ನೀನೇ ಹೇಳವ್ವ, ಏನ್ ಮಾಡ್ಲಿ?"

ನನ್ನ ಶೌರ್ಯ ಜರ್ರನೆ ಇಳಿಯಿತು. ನನ್ನ ಹಕ್ಕು ಗೆದ್ದು ಅವಳ ಓದು ಸೋತರೆ ಅದೆಂಥ ಗೆಲುವು? ಆಗ ನೆನಪಾದದ್ದು ನನ್ನ ಅಜ್ಜಿಯ ಊರಾದ ನಾರಾಯಣಖೇಡದ ಮಠ. ಶ್ರಾವಣದ ಪುರಾಣಕ್ಕೆ ಅಲ್ಲಿ ಹೆಂಗಸರು ಒಂದು ಪಕ್ಕ, ಗಂಡಸರು ಇನ್ನೊಂದು ಪಕ್ಕ; ನಡುವೆ ಉದ್ದಕ್ಕೂ ಕಟ್ಟಿದ ಚಾದರ. ಎದುರಿನ ಕಟ್ಟೆಯ ಮೇಲೆ ಕುಳಿತು ಹೇಳುವ ಶಾಸ್ತ್ರಿಗಳು ಮಾತ್ರ ಇಬ್ಬರಿಗೂ ಕಾಣುತ್ತಾರೆ.

"ಪರದಾ ಇರ್ಲಿ ಬಿಡು. ಅಡ್ಡ ಇದ್ದದ್ದು ಉದ್ದ ಕಟ್ಟಿದ್ರ ಆತಲ್ಲ?" ಎಂದೆ. ಜುಬೇದಾ ಗೋಡೆಗೊರಗಿಕೊಂಡೇ ನಕ್ಕಳು.

ಮರುದಿನ ಎಲ್ಲರೂ ಪ್ರಿನ್ಸಿಪಾಲರ ಮುಂದೆ ನಿಂತೆವು. ಅವರು ರೂಢಿಯ ಮಾತು ತೆಗೆದರು. ನಾವು ಅವರನ್ನೇ ಕರೆತಂದು, ನಮ್ಮ ಬೆಂಚಿನ ಮೇಲೆ ಕೂರಿಸಿ, ಹಲಗೆಯ ಮೇಲಿನದನ್ನು ದಯವಿಟ್ಟು ಓದಬೇಕೆಂದು ಉರ್ದುವಿನಲ್ಲಿ ಬಲು ವಿನಯದಿಂದ ಕೇಳಿಕೊಂಡೆವು. ಅವರು ಕನ್ನಡಕ ಒರೆಸಿಕೊಂಡರು, ಮತ್ತೆ ಹಾಕಿಕೊಂಡರು, ಪರದೆಯನ್ನೇ ನೋಡಿದರು. ಬೆವರೊರೆಸುತ್ತ ಹೊರಗೆ ಬಂದವರೇ ಜವಾನನನ್ನು ಏಣಿ ತರಲು ಕಳುಹಿಸಿದರು.

ಪರದೆ ತಿರುಗಿತು. ನಮ್ಮ ಪಾಲಿಗೆ ಎರಡು ಕಿಟಕಿ ಬಂದವು, ಕಿಟಕಿಯೊಂದಿಗೆ ಗಾಳಿ, ಎದುರಿಗೆ ಇಡೀ ಹಲಗೆ. ಹುಡುಗರು ಗೊಣಗಿದರಂತೆ, ಈಗ ಅವರೂ ಪರದೆಯ ಆಚೆಯವರೇ ಆಗಿದ್ದರಲ್ಲ! ನನ್ನ ಎದೆ ಸಂತೋಷದಿಂದ ಉಬ್ಬಿತ್ತು, ಮುಚ್ಚಿಡುವುದೇಕೆ? ವಿದ್ಯಾರ್ಥಿಗಳ ಸುರಕ್ಷೆ, ಆರೋಗ್ಯ, ನ್ಯಾಯ ಎಂಬ ದೊಡ್ಡ ಮಾತುಗಳನ್ನು ಆಮೇಲೆ ಎಷ್ಟೋ ಸಭೆಗಳಲ್ಲಿ ಕೇಳಿದ್ದೇನೆ. ನನಗೆ ಮಾತ್ರ ಅವುಗಳ ಅರ್ಥ ಇಂದಿಗೂ ಇಷ್ಟೇ: ಕುಳಿತಲ್ಲಿಗೆ ಹಲಗೆ ಕಾಣಬೇಕು, ಉಸಿರು ಸಲೀಸಾಗಿ ಆಡಬೇಕು, ಪಕ್ಕದ ಗೆಳತಿ ಪಕ್ಕದಲ್ಲೇ ಇರಬೇಕು.

ಅಂದು ಮೇಷ್ಟ್ರು ತ್ರಿಕೋನವೊಂದನ್ನು ಬರೆದು ಪ್ರಶ್ನೆ ಕೇಳಿದರು. ಹುಡುಗರು ಪುಸ್ತಕ ತಿರುವತೊಡಗಿದರು. ನಮ್ಮ ಕಡೆಯಿಂದ ಬುರ್ಖಾ ತೊಟ್ಟ ಜುಬೇದಾ ಎದ್ದು ಉತ್ತರ ಹೇಳಿದಳು. ಸರಿಯಾಗಿತ್ತು. ಕುಳಿತವಳೇ ನಮ್ಮೆಲ್ಲರತ್ತ ತಿರುಗಿ ಮೆಲ್ಲನೆ ಅಪ್ಪಣೆ ಮಾಡಿದಳು:

"ನಾಳಿಂದ ಮುಂದಿನ ಜಾಗಾ ನಂದು. ಯಾರೂ ಕೂಡಬ್ಯಾಡ್ರಿ."